ಗುಮ್ಮಟ ಒಡೆಯುವ ಮೊದಲು

ತೀರ್ಥಹಳ್ಳಿ ತಾಲೂಕಿನ ಓದುಗರೊಬ್ಬರ ಪತ್ರ: ‘ನಮ್ಮದು 2 ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್, ನೆಲದಡಿ ಗುಮ್ಮಟ ಕಟ್ಟಿದ ಮಾದರಿ. ಮನೆಯಲ್ಲಿ ಐದು ಜನ. ನಾಲ್ಕಿದ್ದ ದನ ಈಗ ಎರಡು. ಮಳೆಗಾಲ ಹಿಡಿದ ಮೇಲೆ ಉರಿ ಕುಣಿಯುತ್ತದೆ, ಅರ್ಧ ಗಂಟೆಗೇ ಆರುತ್ತದೆ. ಒಡೆದು ಹೊಸದು ಕಟ್ಟಿಸಿ ಎನ್ನುತ್ತಾರೆ. ಏನು ಮಾಡಲಿ?’

ಸಂಪಾದಕರು: ಒಡೆಯಬೇಡಿ. ಉರಿ ಕುಣಿಯುತ್ತದೆ ಎಂದಿರಲ್ಲ, ಅದು ಪೈಪಿನಲ್ಲಿ ನೀರು ನಿಂತ ಲಕ್ಷಣ. ಗ್ಯಾಸಿನ ಜೊತೆ ಬರುವ ಆವಿ ಮಳೆಗಾಲದ ತಂಪಿಗೆ ನೀರಾಗಿ, ಪೈಪು ಜೋತುಬಿದ್ದಲ್ಲಿ ಸೇರಿಕೊಳ್ಳುತ್ತದೆ. ಗ್ಯಾಸು ಅದನ್ನು ತಳ್ಳಿಕೊಂಡು ಗುಳುಗುಳು ಬರುವಾಗ ಉರಿ ಏಳುತ್ತದೆ, ಬೀಳುತ್ತದೆ. ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ಎಲ್ಲಕ್ಕಿಂತ ತಗ್ಗಿನಲ್ಲಿ ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ ನಲ್ಲಿ ಕೂರಿಸಿ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ನೀರು ಬಿಡಿ. ಆಗ ಹತ್ತಿರ ಬೆಂಕಿ, ಬೀಡಿ ಕೂಡದು.

ಇನ್ನು ಸೋರಿಕೆ. ಮಳೆಯಿಲ್ಲದ ರಾತ್ರಿ, ಅಡುಗೆ ಮುಗಿದ ಮೇಲೆ ಗುಮ್ಮಟದ ವಾಲ್ವ್ ಮುಚ್ಚಿ, ಹೊರತೊಟ್ಟಿಯಲ್ಲಿ ಸ್ಲರಿ (ಕೊಳೆತ ಸಗಣಿಯ ರಾಡಿ) ಎಲ್ಲಿದೆ ಎಂದು ಗೋಡೆಗೆ ಗೀರಿ ಗುರುತು ಹಾಕಿ. ಒಳಗೆ ಗ್ಯಾಸ್ ತುಂಬಿದಂತೆ ಸ್ಲರಿ ಹೊರಗೆ ಏರಬೇಕು. ಬೆಳಿಗ್ಗೆ ಚೆನ್ನಾಗಿ ಏರಿದ್ದರೆ ಗುಮ್ಮಟ ಗಟ್ಟಿಯಿದೆ. ಮರುರಾತ್ರಿ ಆ ವಾಲ್ವ್ ತೆರೆದಿಟ್ಟು ಒಲೆಯ ನಲ್ಲಿ ಮಾತ್ರ ಮುಚ್ಚಿ. ಈ ಸಲ ಕಡಿಮೆ ಏರಿದರೆ ಸೋರುತ್ತಿರುವುದು ಪೈಪು. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಕಡ್ಡಿ ಗೀರಿ ನೋಡುವ ಅಭ್ಯಾಸ ದಯವಿಟ್ಟು ಬಿಡಿ.

ದನ ಎಣಿಸುವುದಕ್ಕಿಂತ ಸಗಣಿ ತೂಗುವುದು ಮೇಲು. ನಿಮ್ಮ ತೊಟ್ಟಿಗೆ ದಿನಕ್ಕೆ ಸುಮಾರು 50 ಕೆ.ಜಿ. ಬೇಕು. ಎರಡು ದನದಿಂದ 25 ಸಿಕ್ಕರೂ, ಕೆ.ಜಿ.ಗೆ 40 ಲೀಟರಿನಂತೆ ದಿನಕ್ಕೆ 1000 ಲೀಟರ್ ಗ್ಯಾಸ್. ಗಂಟೆಗೆ 450 ಲೀಟರ್ ಉರಿಸುವ ಬರ್ನರ್ ಎರಡು ಗಂಟೆ ನಡೆಯಬೇಕು. ಅರ್ಧ ಗಂಟೆಗೆ ಆರುತ್ತದೆಂದರೆ ದನ ಕಡಿಮೆಯಾದದ್ದೊಂದೇ ಕಾರಣವಲ್ಲ. ಆದರೂ ಐದು ಜನರ ಪೂರ್ತಿ ಅಡುಗೆಗೆ ಇದು ಸಾಲದು. ಪಕ್ಕದ ಮನೆಯ ಎರಡು ಬುಟ್ಟಿ ಸಗಣಿ ಕೇಳಿ, ಬದಲಿಗೆ ಸ್ಲರಿ ಕೊಡಿ.

ಒಂದು ಬಕೆಟ್ ಸಗಣಿಗೆ ಒಂದೇ ಬಕೆಟ್ ನೀರು. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಬಿಟ್ಟರೆ ತೆಳ್ಳಗಾಗಿ, ಸಗಣಿ ಕೊಳೆಯುವ ಮೊದಲೇ ಹೊರಗೆ ಹೋಗುತ್ತದೆ. ಫಿನಾಯಿಲ್ ಬಿದ್ದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಹಾಸಿದ ಸೊಪ್ಪು, ಹುಲ್ಲು ಆರಿಸಿ ತೆಗೆಯಿರಿ. ಅವು ಮೇಲೆ ತೇಲಿ ಹೆಪ್ಪುಗಟ್ಟುತ್ತವೆ.

ಗುಮ್ಮಟವೇ ಸೋರುತ್ತಿದ್ದರೆ ಈ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸಿ. ಸ್ಲರಿ ಖಾಲಿಯಾಗಿದೆ ಎಂದು ನೀವಾಗಲಿ ಮನೆಯವರಾಗಲಿ ಒಳಗೆ ಇಳಿಯಬೇಡಿ. ಉಳಿದ ಗ್ಯಾಸಿಗೆ ಕೆಲವೇ ನಿಮಿಷದಲ್ಲಿ ಉಸಿರು ಕಟ್ಟುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ.