ಮೊದಲು ಮನೆಯವರ ರಿಪೋರ್ಟ್ ಬರಲಿ

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಿಂದ ಬಂದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

"ಹೋದ ತಿಂಗಳು ನೀವು ಹಾಕಿದ ‘ಬಂಜೆತನ ಈಗ ಹಳೇ ಮಾತು’ ಲೇಖನ ಓದಿದೆ. ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ನನಗೆ 29 ವರ್ಷ. ಮದುವೆಯಾಗಿ ಆರು ವರ್ಷ. ಮನೆಯವರು ವಾಡಿಯಿಂದ ಸಿಮೆಂಟ್ ಲಾರಿ ಓಡಿಸುತ್ತಾರೆ. ನನ್ನ ರಕ್ತ, ಸ್ಕ್ಯಾನು ಎಲ್ಲಾ ಆಗಿದೆ. ಅವರದು ಒಂದು ಟೆಸ್ಟೂ ಆಗಿಲ್ಲ. ಅತ್ತೆಯ ಜೊತೆ ಹೈದರಾಬಾದಿನ ದವಾಖಾನೆಗೆ ಹೋಗಿದ್ದೆ. ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವುದು) ಮಾಡೋಣ ಅಂದರು. ಮೊದಲು ಗರ್ಭಕೋಶ ಸ್ವಲ್ಪ ಕೆರೆದರೆ ಬೇಗ ನಿಲ್ಲುತ್ತದೆ, ಅದಕ್ಕೆ ಬೇರೆ ರೊಕ್ಕ, ಆಮೇಲೆ 15 ದಿನ ಹಾಸಿಗೆ ಬಿಟ್ಟು ಏಳಬಾರದು ಅಂದರು. ಅತ್ತೆ ಎರಡು ಎಕರೆ ಮಾರೋಣ ಅನ್ನುತ್ತಾರೆ. ಸಂಶೋಧನೆ ಸಂಶೋಧನೆ ಅಂತ ಬರೆಯುತ್ತೀರಲ್ಲ, ಅದರಲ್ಲಿ ನಮ್ಮಂಥವರಿಗೆ ಏನಿದೆ?"

ತಂಗಿ,

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆ ತಲೆಬರಹ ಕೊಟ್ಟವಳು ನಾನೇ. ನಿಮ್ಮ ಪತ್ರ ಬಂದ ಮೇಲೆ ಆ ನಾಲ್ಕು ಪುಟವನ್ನು ಮತ್ತೆ ಓದಿದೆ. ಅದರಲ್ಲಿ ‘ಗಂಡ’ ಎಂಬ ಶಬ್ದ ಎರಡೇ ಸಲ ಬಂದಿದೆ. ಎರಡು ಸಲವೂ ಬಿಲ್ ಕಟ್ಟುವವನಾಗಿ. ನಾಚಿಕೆಯಾಯಿತು.

ಇನ್ನೊಂದು ತಪ್ಪೂ ಇತ್ತು. ನಮ್ಮ ದೇಶದ ಮೊದಲ ಪ್ರನಾಳ ಶಿಶು, ಅಂದರೆ ಐವಿಎಫ್‌ನಿಂದಾದ ಮಗು, 1986ರಲ್ಲಿ ಮುಂಬೈಯಲ್ಲಿ ಹುಟ್ಟಿತು ಎಂದು ಬರೆದಿದ್ದೆವು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ಕ್ಕೆ. ಅದೇ ವರ್ಷ ಅಕ್ಟೋಬರ್ 3ಕ್ಕೆ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ ದುರ್ಗಾ ಹುಟ್ಟಿದ್ದಳು. ಸರ್ಕಾರದ ಸಮಿತಿ ಅವರ ಮಾತು ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. 1986ರ ಮಗುವಿನ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರೇ 1997ರಲ್ಲಿ ಮುಖೋಪಾಧ್ಯಾಯರ ಕಾಗದಪತ್ರ ಓದಿ, ಮೊದಲಿಗರು ನಾವಲ್ಲ, ಅವರು ಎಂದರು. ಅಂಥ ದೊಡ್ಡವರೇ ತಿದ್ದಿಕೊಂಡ ಮೇಲೆ ನಮ್ಮದೇನು?

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮೊದಲು ಮನೆಯವರ ವೀರ್ಯ ಪರೀಕ್ಷೆ ಆಗಲಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣ ಇರುತ್ತದೆ. ಈ ಪರೀಕ್ಷೆಗೆ ಸೂಜಿ ಇಲ್ಲ, ಆಪರೇಷನ್ ಇಲ್ಲ, ನೋವಿಲ್ಲ. ಹೈದರಾಬಾದಿಗೂ ಹೋಗಬೇಕಿಲ್ಲ. ಕಲಬುರಗಿಯಲ್ಲೇ ಆಗುತ್ತದೆ, ಐವಿಎಫ್ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ನಮ್ಮ ಕಡೆ ಹೆಣ್ಣಿಗೆ ಹತ್ತು ಟೆಸ್ಟ್ ಆದ ಮೇಲೆಯೇ ಗಂಡಿನ ಹೆಸರು ಬರುವುದು. ‘ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ’ ಅನ್ನುತ್ತಾರೆ. ಗಟ್ಟಿಮುಟ್ಟಿಗೂ ಇದಕ್ಕೂ ಸಂಬಂಧ ಇಲ್ಲ.

ಲಾರಿ ಡ್ರೈವರ್ ಅಂದಿರಿ, ಅದಕ್ಕೇ ಇನ್ನೊಂದು ಮಾತು. ವೀರ್ಯಾಣು ತಯಾರಾಗಲು ದೇಹದ ಉಳಿದ ಭಾಗಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಅದಕ್ಕೇ ವೃಷಣಗಳು ದೇಹದ ಹೊರಗಿವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಇಂಜಿನ್ ಪಕ್ಕ ದಿನವಿಡೀ ಕೂರುವವರಿಗೆ ಆ ತಂಪು ಎಲ್ಲಿಂದ ಬರಬೇಕು? ಗುಟ್ಕಾ, ಬೀಡಿಯೂ ಕೆಡಿಸುತ್ತವೆ. ಹೊಲಕ್ಕೆ ಔಷಧಿ ಹೊಡೆಯುವವರೂ ಕೇಳಿಸಿಕೊಳ್ಳಲಿ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುವ ಕಾರ್ಖಾನೆಯ ಹಲವು ಗಂಡಸರಲ್ಲಿ ವೀರ್ಯಾಣುಗಳು ತೀರಾ ಕಡಿಮೆಯಾಗಿದ್ದವು, ಕೆಲವರಲ್ಲಿ ಇಲ್ಲವೇ ಇಲ್ಲ. ಅದನ್ನು ಮೊದಲು ಗುರುತಿಸಿದ್ದು ಡಾಕ್ಟರಲ್ಲ, ಆ ಕೆಲಸಗಾರರೇ. ನಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪತ್ತೆ ಹಚ್ಚಿದರು.

ಒಂದು ಸಲದ ರಿಪೋರ್ಟ್ ಕೆಟ್ಟದಾಗಿ ಬಂದರೆ ಎದೆ ಒಡೆದುಕೊಳ್ಳಬೇಡಿ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಜಾಸ್ತಿ ದಿನ ಬೇಕು. ಮನೆಯವರಿಗೆ ಹೋದ ತಿಂಗಳು ಜೋರು ಜ್ವರ ಬಂದಿದ್ದರೂ ಈ ತಿಂಗಳ ರಿಪೋರ್ಟಿನಲ್ಲಿ ಕಾಣಿಸುತ್ತದೆ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು.

ನಿಮ್ಮ ಟೆಸ್ಟುಗಳಲ್ಲಿ ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡಿದ್ದಾರಾ? ಪತ್ರದಲ್ಲಿ ಬರೆದಿಲ್ಲ. ನಮ್ಮ ದೇಶದಲ್ಲಿ ನಾಳ ಮುಚ್ಚಿಹೋಗಲು ಟಿಬಿಯೂ ಒಂದು ಮುಖ್ಯ ಕಾರಣ. ಕೆಮ್ಮು ಇಲ್ಲದೆಯೂ ಅದು ಅಲ್ಲಿ ಇರಬಹುದು. ಅದಕ್ಕೆ ಔಷಧಿ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ.

ಇನ್ನು ಕೆರೆಯುವ ವಿಷಯ. ನೀವು ಕೇಳಿದ ‘ಸಂಶೋಧನೆಯಲ್ಲಿ ನಮಗೇನಿದೆ’ ಎಂಬ ಮಾತಿಗೆ ಉತ್ತರ ಇರುವುದೇ ಇಲ್ಲಿ. ತೊಗರಿ ಹೊಲ ನೆನಪು ಮಾಡಿಕೊಳ್ಳಿ. ಅಂಗಡಿಯವನು ಹೊಸ ಗೊಬ್ಬರ ಕೊಟ್ಟ. ಹಾಕಿದಿರಿ. ಆ ವರ್ಷ ಮಳೆಯೂ ಚೆನ್ನಾಗಿ ಆಯಿತು, ಬೆಳೆಯೂ ಬಂತು. ಗೊಬ್ಬರದಿಂದ ಬಂತೋ, ಮಳೆಯಿಂದ ಬಂತೋ? ಗೊತ್ತಾಗಬೇಕಾದರೆ ಅರ್ಧ ಹೊಲಕ್ಕೆ ಹಾಕಿ ಅರ್ಧ ಬಿಡಬೇಕು. ಯಾವ ಅರ್ಧ ಎಂಬುದನ್ನೂ ನೀವೇ ಆರಿಸಬಾರದು, ಚೀಟಿ ಎತ್ತಬೇಕು. ಇಲ್ಲದಿದ್ದರೆ ಒಳ್ಳೆ ಮಣ್ಣಿರುವ ಕಡೆಗೇ ಕೈ ಹೋಗುತ್ತದೆ, ಅಲ್ವಾ? ಚೀಟಿ ಎತ್ತುವ ಈ ಪದ್ಧತಿಯನ್ನು 1920ರ ದಶಕದಲ್ಲಿ ಬೆಳೆಸಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್. ಹೊಲದಿಂದ ಅದು ಆಮೇಲೆ ದವಾಖಾನೆಗೆ ಬಂತು.

ಗರ್ಭಕೋಶದ ಒಳಪದರ ಕೆರೆದರೆ ಭ್ರೂಣ ಬೇಗ ಅಂಟುತ್ತದೆ ಎಂಬ ಮಾತು ಹಬ್ಬಿದ್ದು 2003ರಲ್ಲಿ ಇಸ್ರೇಲಿನ ಒಂದು ಸಣ್ಣ ಅಧ್ಯಯನದಿಂದ. ಊರೂರಿನ ದವಾಖಾನೆಗಳು ಶುರು ಮಾಡಿಬಿಟ್ಟವು. ಕೊನೆಗೆ ನ್ಯೂಜಿಲೆಂಡಿನ ಸಂಶೋಧಕರು ಐದು ದೇಶಗಳ 1,364 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದರು, ಇನ್ನೊಂದಕ್ಕೆ ಇಲ್ಲ. 2019ರಲ್ಲಿ ಫಲಿತಾಂಶ ಬಂತು. ಕೆರೆದವರಲ್ಲಿ ಮಗು ಕೈಗೆ ಬಂದದ್ದು ನೂರಕ್ಕೆ 26.1. ಕೆರೆಯದವರಲ್ಲೂ 26.1. ಲಾಭ ಇಲ್ಲ, ನೋವು ಇದೆ, ಬಿಲ್ ಇದೆ. ನಿಮ್ಮ ಆ ‘ಬೇರೆ ರೊಕ್ಕ’ ಉಳಿಸಿಕೊಳ್ಳಿ.

‘ಲಾಭ ಇಲ್ಲದಿದ್ದರೆ ಹೋಗಲಿ, ನಷ್ಟವಂತೂ ಇಲ್ಲವಲ್ಲ’ ಎಂದು ಅತ್ತೆಯವರು ಅನ್ನಬಹುದು. ಒಮ್ಮೊಮ್ಮೆ ನಷ್ಟವೂ ಇರುತ್ತದೆ. ಬಸಿರು ನಿಲ್ಲಲಿ ಎಂದು ಅಮೆರಿಕದಲ್ಲಿ ಡಿಇಎಸ್ ಎಂಬ ಹಾರ್ಮೋನ್ ಗುಳಿಗೆ ಕೊಡುತ್ತಿದ್ದರು. ಅದರಿಂದ ಉಪಯೋಗ ಇಲ್ಲ ಎಂದು 1953ರಲ್ಲೇ ಶಿಕಾಗೋದಲ್ಲಿ ಗುಂಪು ಮಾಡಿ ನೋಡಿ ಹೇಳಿದ್ದರು. ಆದರೂ ಬರೆದುಕೊಡುವುದು ನಿಲ್ಲಲಿಲ್ಲ. 1971ರಲ್ಲಿ ಗೊತ್ತಾಯಿತು, ಆ ತಾಯಂದಿರ ಹೆಣ್ಣುಮಕ್ಕಳು ದೊಡ್ಡವರಾದಾಗ ಕೆಲವರಿಗೆ ಅಪರೂಪದ ಕ್ಯಾನ್ಸರ್ ಬರುತ್ತಿತ್ತು. ತಾಯಿ ನುಂಗಿದ ಗುಳಿಗೆ ಮಗಳನ್ನು ಹಿಡಿದಿತ್ತು.

15 ದಿನದ ಹಾಸಿಗೆಯೂ ಬೇಡ. ಸ್ಪೇನಿನಲ್ಲಿ ಭ್ರೂಣ ಇಟ್ಟ ಮೇಲೆ ಕೆಲವರನ್ನು ಹತ್ತು ನಿಮಿಷ ಮಲಗಿಸಿ, ಕೆಲವರನ್ನು ಆಗಲೇ ಎಬ್ಬಿಸಿ ನಡೆಸಿ ನೋಡಿದ್ದಾರೆ. ಎದ್ದು ನಡೆದವರಲ್ಲೇ ಮಕ್ಕಳು ಜಾಸ್ತಿ ಹುಟ್ಟಿದವು. ಎದ್ದರೆ ಬಿದ್ದುಹೋಗುತ್ತದೆ ಎಂಬುದು ಸುಮ್ನೆ ಭಯ. ಗರ್ಭಕೋಶ ಖಾಲಿ ಕೊಡ ಅಲ್ಲ, ಅದರ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಭೋಗಿ ಹಬ್ಬಕ್ಕೆ ಸಜ್ಜೆ ರೊಟ್ಟಿ ಮಾಡುತ್ತೀರಲ್ಲ, ಒತ್ತಿದ ಎಳ್ಳು ರೊಟ್ಟಿ ಎತ್ತಿದರೆ ಉದುರುತ್ತದಾ? ಹಾಗೆ. ಆದರೆ ಹೈದರಾಬಾದಿನಿಂದ ಬಂದ ದಿನ ನೀರಿನ ಕೊಡ ಹೊರಿಸಬೇಡಿ ಎಂದು ಅತ್ತೆಗೆ ಹೇಳಿ. ಅದು ಸಂಶೋಧನೆಯ ಮಾತಲ್ಲ, ನನ್ನ ಮಾತು.

ದವಾಖಾನೆಯವರು ‘ನಮ್ಮಲ್ಲಿ ನೂರಕ್ಕೆ ಇಷ್ಟು ಸಕ್ಸಸ್’ ಎಂದರೆ, ಯಾವುದರ ಸಕ್ಸಸ್ ಎಂದು ಕೇಳಿ. ರಕ್ತದ ಟೆಸ್ಟ್ ಪಾಸಿಟಿವ್ ಬಂದದ್ದೋ, ಸ್ಕ್ಯಾನಿನಲ್ಲಿ ಎದೆಬಡಿತ ಕಂಡದ್ದೋ, ಮಗು ಮಡಿಲಿಗೆ ಬಂದದ್ದೋ? ಮೂರೂ ಬೇರೆಬೇರೆ ಲೆಕ್ಕ. ಇಂಗ್ಲೆಂಡಿನ ನಿಯಂತ್ರಣ ಸಂಸ್ಥೆ 2019ಕ್ಕೆ ಕೊಟ್ಟ ಲೆಕ್ಕದಲ್ಲಿ, 35ರೊಳಗಿನ ಹೆಂಗಸರಲ್ಲಿ ಇಟ್ಟ ಪ್ರತಿ ನೂರು ಭ್ರೂಣಕ್ಕೆ ಹುಟ್ಟಿದ ಮಕ್ಕಳು ಸುಮಾರು 32. ವಯಸ್ಸಾದ ಹಾಗೆ ಇದು ಇಳಿಯುತ್ತದೆ. ನೀವು 29, ಅದು ನಿಮ್ಮ ಕಡೆಗಿರುವ ಮಾತು. ಆದರೂ ಒಂದೇ ಸಲಕ್ಕೆ ಆಗದಿರುವ ಸಾಧ್ಯತೆಯೇ ಜಾಸ್ತಿ. ಇರುವ ರೊಕ್ಕ ಎಲ್ಲಾ ಮೊದಲ ಸಲಕ್ಕೇ ಸುರಿಯಬೇಡಿ. ನಮ್ಮ ದೇಶದಲ್ಲೂ 2021ರ ಕಾಯ್ದೆ ಇದೆ. ಅದರ ಪ್ರಕಾರ ದವಾಖಾನೆ ನೋಂದಣಿ ಆಗಿರಬೇಕು. ಆಗುವ ಸಾಧ್ಯತೆ ಎಷ್ಟು, ಖರ್ಚು ಎಷ್ಟು, ಅಪಾಯ ಏನು ಎಂಬುದನ್ನು ಮೊದಲೇ ಹೇಳಬೇಕು. ಹೇಳಿ ಎಂದು ನೀವು ಕೇಳಿದರೆ ಅದು ಉದ್ಧಟತನ ಅಲ್ಲ.

ಬಸಿರಿನ ಆರೈಕೆಯ ಮಾತು ಬಸಿರಾದ ಮೇಲೆ ಎಂದುಕೊಳ್ಳಬೇಡಿ. ಫೋಲಿಕ್ ಆಸಿಡ್ ಗುಳಿಗೆ ಈಗಲೇ ಶುರು ಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿ ಕೂಡಿಕೊಳ್ಳುವುದು ಮೊದಲ ನಾಲ್ಕು ವಾರದಲ್ಲಿ. ಬಸಿರು ಎಂದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಹಿಮೋಗ್ಲೋಬಿನ್ನೂ ಈಗಲೇ ನೋಡಿಸಿ. ಬಸಿರಿನಲ್ಲಿ ಅದು 11ರ ಮೇಲಿರಬೇಕು. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿ, ಚಹಾ ಕಬ್ಬಿಣ ಹಿಡಿಯಲು ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ದಿನಕ್ಕೆಷ್ಟು ಚಹಾ ಆಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಐವಿಎಫ್ ಬಸಿರಿನಲ್ಲಿ ಬಿಪಿ ಏರುವುದು ಸ್ವಲ್ಪ ಜಾಸ್ತಿ. ನಿಮಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಬೇಕಾ ಎಂದು ಡಾಕ್ಟರನ್ನು ಮೂರನೇ ತಿಂಗಳೊಳಗೆ ಕೇಳಿ, ನೀವಾಗಿಯೇ ನುಂಗಬೇಡಿ. ಆಸ್ಪಿರಿನ್ ದಿನ ತುಂಬದ ಹೆರಿಗೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂದು 2020ರಲ್ಲಿ ತೋರಿಸಿದ ಆರು ದೇಶಗಳ ಅಧ್ಯಯನದಲ್ಲಿ ನಮ್ಮ ಬೆಳಗಾವಿ ಕಡೆಯ ಬಸುರಿಯರೂ ಇದ್ದರು. ಅದಕ್ಕೂ ಮುಂಚೆ, 2006ರಲ್ಲಿ, ಬೆಳಗಾವಿಯ ಹಳ್ಳಿಗಳ 1,620 ಬಾಣಂತಿಯರಿಂದ ಜಗತ್ತು ಇನ್ನೊಂದು ಪಾಠ ಕಲಿಯಿತು. ಹೆರಿಗೆಯಾದ ತಕ್ಷಣ ನರ್ಸಮ್ಮ ಮಿಸೊಪ್ರೊಸ್ಟಾಲ್ ಗುಳಿಗೆ ಬಾಯಿಗೆ ಕೊಟ್ಟರು, ಅಷ್ಟೇ. ಜಾಸ್ತಿ ರಕ್ತ ಹೋಗುವುದು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಸಂಶೋಧನೆಯಲ್ಲಿ ನಮ್ಮಂಥವರಿಗೆ ಏನಿದೆ ಎಂದಿರಿ. ನಮ್ಮಂಥವರೇ ಇದ್ದಾರೆ ತಂಗಿ, ಅದರೊಳಗೆ.

ಬಸಿರು ನಿಂತರೆ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ಇರುತ್ತದೆ. ಐವಿಎಫ್ ಮಾಡಿಸಿದ್ದು ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಮುಚ್ಚಿಡಬೇಡಿ.

ಈ ಪುಟವನ್ನು ಮನೆಯವರಿಗೆ ತೋರಿಸಿ. ನೀವೇ ಹೇಳಲು ಸಂಕೋಚವಾದರೆ, ಪತ್ರಿಕೆಯಲ್ಲಿ ಬಂದಿದೆ ಎಂದು ಲಾರಿಯ ಸೀಟಿನ ಮೇಲೆ ಇಟ್ಟುಬಿಡಿ. ಆ ಎರಡು ಎಕರೆಯ ಮಾತು ಅವರ ರಿಪೋರ್ಟ್ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಎಂದು ಅತ್ತೆಯವರಿಗೆ ನನ್ನ ನಮಸ್ಕಾರದ ಜೊತೆ ತಿಳಿಸಿ.

– ಸಂಪಾದಕಿ, ಕಲಬುರಗಿ