ಪ್ರಶ್ನೋತ್ತರ: ಆರು ದಿನ, ಹೂಮಳೆ ಮತ್ತು ನಂಬದ ಮಗ

ಪ್ರಶ್ನೆ: ಕಾಲೇಜಿನಲ್ಲಿ ವಿಶ್ವಕ್ಕೆ 1380 ಕೋಟಿ ವರ್ಷ ಎನ್ನುತ್ತಾರೆ. ಜ್ಞಾನೋಪದೇಶದ ತರಗತಿಯಲ್ಲಿ ಆರು ದಿನದ ಸೃಷ್ಟಿ ಕಲಿತೆ. ಪರೀಕ್ಷೆಗೆ ಒಂದು, ಪೂಜೆಗೆ ಒಂದು ಅಂತ ಎರಡು ತಲೆ ಇಟ್ಟುಕೊಳ್ಳಬೇಕೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸುಂಟಿಕೊಪ್ಪ

ಉತ್ತರ: ಒಂದೇ ತಲೆ ಸಾಕು. ಒಂದು ಕಾಗದವನ್ನು ನಡುವೆ ಮಡಚಿ, ಆದಿಕಾಂಡದ ಮೊದಲ ಅಧ್ಯಾಯ ತೆರೆಯಿರಿ. ಎಡಕ್ಕೆ ಮೊದಲ ಮೂರು ದಿನ, ಬಲಕ್ಕೆ ಉಳಿದ ಮೂರು ದಿನ ಬರೆದುಕೊಳ್ಳಿ. ಒಂದನೇ ದಿನ ಬೆಳಕು. ಅದರ ಎದುರಿಗೆ ನಾಲ್ಕನೇ ದಿನ ಸೂರ್ಯ, ಚಂದ್ರ. ಎರಡನೇ ದಿನ ಆಕಾಶ ಮತ್ತು ನೀರು. ಎದುರಿಗೆ ಐದನೇ ದಿನ ಹಕ್ಕಿ, ಮೀನು. ಮೂರನೇ ದಿನ ಒಣನೆಲ. ಎದುರಿಗೆ ಆರನೇ ದಿನ ಪ್ರಾಣಿ, ಮನುಷ್ಯ. ಮೊದಲು ಮನೆ, ಆಮೇಲೆ ಒಕ್ಕಲು. ಎರಡನೇ ಅಧ್ಯಾಯಕ್ಕೆ ಬಂದರೆ ಕ್ರಮವೇ ಬೇರೆ: ಮನುಷ್ಯ ಮೊದಲು, ಗಿಡಮರ ಪ್ರಾಣಿಗಳು ಆಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಇದು ಕಾಣದೇ ಇತ್ತೇ? ಅವರು ತಾರೀಖು ಬರೆಯಲು ಕೂತವರಲ್ಲ.

ಡಾರ್ವಿನ್‌ಗೆ ಹೆದರಿ ಚರ್ಚು ಅರ್ಥ ಬದಲಿಸಿಕೊಂಡಿತು ಎಂದು ಸಹಪಾಠಿಗಳು ಹೇಳಬಹುದು. ಆದರೆ ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗಾದವು ಎಂದು ಕ್ರೈಸ್ತ ಪಂಡಿತ ಒರಿಜೆನ್ ಕೇಳಿದ್ದು 3ನೇ ಶತಮಾನದಲ್ಲಿ. ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲೇ ಗದರಿದ್ದರು: ನಕ್ಷತ್ರಗಳ ಲೆಕ್ಕ ಬಲ್ಲವರ ಮುಂದೆ ಕ್ರೈಸ್ತನೊಬ್ಬ ಬೈಬಲಿನ ಹೆಸರಲ್ಲಿ ಬಾಯಿಗೆ ಬಂದದ್ದು ಹೇಳಿದರೆ, ಪುನರುತ್ಥಾನದ ಬಗ್ಗೆ ಅವನ ಮಾತನ್ನು ಯಾರು ನಂಬುತ್ತಾರೆ ಎಂದು. ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಸೃಷ್ಟಿಯಾಯಿತು ಎಂಬ ಲೆಕ್ಕವನ್ನು ಐರ್ಲೆಂಡಿನ ಆರ್ಚ್‌ಬಿಷಪ್ ಅಶರ್ ಅಚ್ಚು ಹಾಕಿಸಿದ್ದು 1650ರಲ್ಲಿ. ಹಳೆಯದು ಎಂದುಕೊಂಡದ್ದೇ ಇಲ್ಲಿ ಹೊಸದು.

24 ಗಂಟೆಯ ಆರು ದಿನ ಎಂದೇ ಓದುವ ಕ್ರೈಸ್ತ ಸಭೆಗಳೂ ಇವೆ. ಅವರಿಗೆ ತೊಡಕಾಗುವುದು ಬೆಳಕು. ಮಳೆಗಾಲ ಮುಗಿದ ನವೆಂಬರ್‌ನಲ್ಲಿ, ಚಂದ್ರನಿಲ್ಲದ ರಾತ್ರಿ, ಪೇಟೆಯ ದೀಪ ತಾಗದ ಕಾಫಿ ಕಣದಲ್ಲಿ ನಿಂತು ನೋಡಿ. ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ದೇವರು ಬೆಳಕನ್ನು ದಾರಿಯ ಮಧ್ಯದಲ್ಲೇ ಸೃಷ್ಟಿಸಿದ ಎಂಬುದು ಅವರ ಸಮಜಾಯಿಷಿ. ಹಾಗಾದರೆ ಎಂದೂ ನಡೆಯದ ಸಂಗತಿಗಳನ್ನು ಆಕಾಶ ನಮಗೆ ತೋರಿಸುತ್ತಿದೆ ಎಂದಾಯಿತು. ಸುಳ್ಳಾಡದ ದೇವರ ಮೇಲೆ ಇದಕ್ಕಿಂತ ದೊಡ್ಡ ಆರೋಪ ಬೇಕೇ?

ಮಹಾಸ್ಫೋಟವೇ (ಬಿಗ್ ಬ್ಯಾಂಗ್) ಸೃಷ್ಟಿಗೆ ಸಾಕ್ಷಿ ಎಂದು ಕುಣಿಯುವವರೂ ಎಡವುತ್ತಾರೆ. ಆ ಸಿದ್ಧಾಂತಕ್ಕೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತ ಸಮೇತ ಬರೆದವರು. 1951ರಲ್ಲಿ ಪೋಪ್ 12ನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಯ ನಂಬಿಕೆಗೆ ತಾಳೆ ಹಾಕಿ ಮಾತನಾಡಿದಾಗ ಕಸಿವಿಸಿಪಟ್ಟವರು ಅವರೇ. ತಮ್ಮ ಸಿದ್ಧಾಂತ ದೇವರ ಪ್ರಶ್ನೆಯಿಂದ ಹೊರಗೇ ನಿಲ್ಲುತ್ತದೆ ಎಂಬುದು ಅವರ ಪಟ್ಟು. ಇಂದಿನ ಲೆಕ್ಕಕ್ಕೆ ದೇವರನ್ನು ಕಟ್ಟಿಹಾಕಿದರೆ, ನಾಳೆ ಲೆಕ್ಕ ತಿದ್ದುವಾಗ ದೇವರನ್ನೂ ತಿದ್ದಬೇಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗ ರಜೆಗೆ ಬಂದವನು ‘ನಾನು ನಾಸ್ತಿಕ’ ಎಂದ. ಭಾನುವಾರ ಚರ್ಚಿಗೂ ಬರಲಿಲ್ಲ. ಏನು ಹೇಳಲಿ?
– ಗೃಹಿಣಿ, ವಿರಾಜಪೇಟೆ

ಉತ್ತರ: ಮೊದಲು ಕೇಳಿ ಅಮ್ಮ, ಹೇಳುವುದು ಆಮೇಲೆ. ಅವನು ಯಾವ ದೇವರನ್ನು ಬಿಟ್ಟ ಎಂದು ವಿಚಾರಿಸಿ. ವಿಜ್ಞಾನಕ್ಕೆ ಗೊತ್ತಾಗದ ಸಂದಿಯಲ್ಲಿ ಮಾತ್ರ ವಾಸಿಸುವ ದೇವರನ್ನೇ ಬಿಟ್ಟಿದ್ದರೆ, ಆ ದೇವರನ್ನು ನೀವೂ ಬಿಡಬಹುದು. ಕೆಡುಕು ಇರುವಾಗ ಒಳ್ಳೆಯ ದೇವರು ಹೇಗೆ, ಎಲ್ಲವನ್ನೂ ಪ್ರಕೃತಿಯೇ ವಿವರಿಸುವಾಗ ದೇವರು ಯಾಕೆ? ಬಹುಶಃ ಇವೆರಡೇ ಅವನ ವಾದ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್, ದೇವರಿದ್ದಾನೆಯೇ ಎಂಬ ಪ್ರಶ್ನೆ ಎತ್ತಿಕೊಂಡಾಗ ಮೊದಲು ಬರೆದದ್ದು ಇದೇ ಎರಡು ಆಕ್ಷೇಪ. ತಮ್ಮ ಉತ್ತರ ನಂತರ. ಆ ಕ್ರಮ ಮನೆಯಲ್ಲೂ ನಡೆಯಲಿ.

ಬಟಾಣಿ ಬೆಳೆದು ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಸನ್ಯಾಸಿಯಾಗಿದ್ದ ಎಂದು ಪಟ್ಟಿ ಒಪ್ಪಿಸಬೇಡಿ. ಅವನ ಬಳಿ ನಾಸ್ತಿಕ ವಿಜ್ಞಾನಿಗಳ ಪಟ್ಟಿ ಇನ್ನೂ ಉದ್ದ ಇರುತ್ತದೆ, ಎರಡರಿಂದಲೂ ಏನೂ ಸಾಬೀತಾಗುವುದಿಲ್ಲ. ‘ದೇವರಿಲ್ಲ ಅಂದವನಿಗೆ ನೀತಿ ಎಲ್ಲಿಂದ?’ ಎಂದೂ ಚುಚ್ಚಬೇಡಿ. ನಿಯಮ ಕೇಳದವರ ಹೃದಯದಲ್ಲೂ ಅದು ಬರೆದಿದೆ ಎನ್ನುತ್ತಾನೆ ಪೌಲ (ರೋಮನ್ನರಿಗೆ 2:15). ಕಥೋಲಿಕ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇನ್ನೂ ಮುಂದೆ ಹೋಗಿ, ನಾಸ್ತಿಕತೆ ಹುಟ್ಟುವುದರಲ್ಲಿ ನಂಬುವವರ ನಡತೆಗೂ ಪಾಲಿದೆ ಎಂದು ಒಪ್ಪಿಕೊಂಡಿತು. ಅಂದಹಾಗೆ, ನಿಮ್ಮೂರಿನ ಸಂತ ಅನ್ನಮ್ಮನವರ ಚರ್ಚಿಗೆ 1792ರಲ್ಲಿ ನೆಲೆ ಕೊಟ್ಟ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕ್ರೈಸ್ತನಾಗಿರಲಿಲ್ಲ. ನಂಬದ ಮಗನಿಗೆ ಭಾನುವಾರದ ಊಟದ ಎಲೆ ಹಾಕುವುದು ಅದಕ್ಕಿಂತ ಕಷ್ಟವೇ?

ಪ್ರಶ್ನೆ: ಕಾಫಿ ಹೂ ಅರಳಿಸುವ ಹೂಮಳೆಗಾಗಿ ಮನೆಯಲ್ಲಿ ಜಪಸರ ಹೇಳುತ್ತೇವೆ. ಸ್ಪ್ರಿಂಕ್ಲರ್ ಓಡಿಸಿದರೆ ವಿಶ್ವಾಸ ಸಾಲದು ಎಂದು ಅತ್ತೆ, ಮೋಡಕ್ಕೆ ಕಿವಿ ಇಲ್ಲ ಎಂದು ಮೈದುನ. ಯಾರು ಸರಿ?
– ಸಿದ್ದಾಪುರ

ಉತ್ತರ: ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಓಡಿಸಿ. ರೊಬಸ್ಟಾ ಕಾಫಿಯ ಮೊಗ್ಗು ಬಲಿತು ನಿಂತಾಗ ಒಂದರಿಂದ ಒಂದೂವರೆ ಇಂಚು ನೀರು ಒಮ್ಮೆಗೇ ಬೀಳಬೇಕು. ನಾಲ್ಕು ಹನಿ ಉದುರಿ ನಿಂತರೆ ಮೊಗ್ಗು ಅರೆಬರೆ ಅರಳಿ ಒಣಗುತ್ತದೆ. ಹೂವಾದ ದಿನ ನೀರು ಹಾಯಿಸಬೇಡಿ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದು ತೊಳೆದುಹೋದರೆ ಕಾಯಿ ಕಚ್ಚುವುದಿಲ್ಲ. ಮಾಡಬೇಕಾದ್ದನ್ನು ಬಿಟ್ಟು ಆಕಾಶ ನೋಡುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು (ಮತ್ತಾಯ 4:7). ಕಾಯಿಲೆ ಬಿದ್ದರೆ ಪ್ರಾರ್ಥಿಸು, ವೈದ್ಯನನ್ನೂ ಕರೆ ಎನ್ನುತ್ತದೆ ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ. ಅತ್ತೆಯವರಿಗೆ ಓದಿ ಹೇಳಿ.

ಮೈದುನನಿಗೆ ಬಲ ಕೊಡುವ ಒಂದು ಅಧ್ಯಯನ ಇದೆ, ಮುಚ್ಚಿಡುವುದು ಬೇಡ. ಅಮೆರಿಕದಲ್ಲಿ 1802 ಹೃದಯ ಬೈಪಾಸ್ ರೋಗಿಗಳನ್ನು ಗುಂಪು ಮಾಡಿ, ಅಪರಿಚಿತರಿಂದ ಪ್ರಾರ್ಥನೆ ಮಾಡಿಸಿ ನೋಡಿದರು. 2006ರಲ್ಲಿ ಫಲಿತಾಂಶ ಬಂತು: ಪ್ರಾರ್ಥನೆಯಿಂದ ಶಸ್ತ್ರಚಿಕಿತ್ಸೆಯ ನಂತರದ ತೊಡಕು ಕಡಿಮೆಯಾಗಲಿಲ್ಲ, ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತುಸು ಹೆಚ್ಚೇ ಇತ್ತು. ಗೊಬ್ಬರದ ಹಾಗೆ ಒಂದು ಸಾಲಿಗೆ ಹಾಕಿ, ಇನ್ನೊಂದಕ್ಕೆ ಬಿಟ್ಟು ಅಳೆಯುವ ವಸ್ತುವಲ್ಲ ದೇವರು. ಕೇಳಿದವರ ತೋಟಕ್ಕಷ್ಟೇ ಮಳೆ ಎಂದು ಕ್ರಿಸ್ತ ಎಲ್ಲೂ ಮಾತು ಕೊಟ್ಟಿಲ್ಲ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಸುರಿಯುತ್ತದೆ ಎಂದ (ಮತ್ತಾಯ 5:45). ಜಪಸರ ನಿಲ್ಲಿಸಬೇಡಿ. ಮಳೆ ಬಂದರೆ ಮೈದುನನ ಪಾಲಿನ ತೋಟವೂ ನೆನೆಯುತ್ತದೆ.

ಪ್ರಶ್ನೆ: 2018ರ ಕೊಡಗಿನ ಭೂಕುಸಿತ ಪಾಪಕ್ಕೆ ಶಿಕ್ಷೆ ಎಂದು ಒಬ್ಬ ಪ್ರಬೋಧಕರು ಹೇಳಿದರು. ಹೌದೇ?
– ಮಾದಾಪುರ

ಉತ್ತರ: ಅಲ್ಲ. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಕೇಳಿ, ಇಲ್ಲ ಎಂದು ಯೇಸುವೇ ಹೇಳಿದ್ದಾನೆ (ಲೂಕ 13:4-5). ಇಳಿಜಾರಿನ ಬುಡ ಬಗೆದರೆ ಮಣ್ಣಿಗೆ ಆಸರೆ ಹೋಗುತ್ತದೆ. ಹರಿದುಹೋಗಬೇಕಾದ ನೀರು ಒಳಗಿಳಿದು ಭಾರ ಹೆಚ್ಚಿಸಿ ಹಿಡಿತ ಸಡಿಲಿಸುತ್ತದೆ. ಮಳೆಗಾಲದಲ್ಲಿ ನೆಲ ಬಿರುಕು ಬಿಟ್ಟರೆ, ಮರಗಳು ವಾಲಿದರೆ, ಹೊಸ ಜಾಗದಲ್ಲಿ ಕೆಸರುನೀರು ಉಕ್ಕಿದರೆ ಬೆಳಗಾಗಲಿ ಎಂದು ಕಾಯದೆ ಮನೆ ಬಿಡಿ. ಪ್ರಾರ್ಥನೆಯನ್ನು ಗಟ್ಟಿ ನೆಲಕ್ಕೆ ಹೋಗಿ ಮಾಡಬಹುದು.