ಯಜಮಾನರು ಕೇಳಿದ್ದು ಸರಿಯಾಗಿಯೇ ಇದೆ

ಪ್ರಶ್ನೆ: ದಾವಣಗೆರೆಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷದಿಂದ ಇದ್ದೇನೆ. ರೈತರಿಗೆ, ಮಂಡಿ ವರ್ತಕರಿಗೆ ಮೊಬೈಲ್‌ನಲ್ಲಿ ಆ ಹೊತ್ತಿನ ಧಾರಣೆ ತೋರಿಸುವ ವ್ಯವಸ್ಥೆ ನಮ್ಮದು. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ತೆರೆದರೆ ಸರ್ವರ್ ಕೂತುಬಿಡುತ್ತದೆ. ಈಗಿರುವ ಜಾವಾ ಬದಲು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ತರೋಣ ಎಂದರೆ ಯಜಮಾನರು, "ನಾಳೆ ನೀ ಬಿಟ್ಟು ಹೋದ್ರೆ ಇದನ್ನ ಯಾರ್ ನೋಡ್ತಾರಪ್ಪಾ?" ಅನ್ನುತ್ತಾರೆ. ಹೇಗೆ ಒಪ್ಪಿಸಲಿ?

ಉತ್ತರ: ನಿಮ್ಮ ಯಜಮಾನರು ಭಾಷೆಯನ್ನು ಬೇಡ ಅಂದಿಲ್ಲ, ಜನ ಎಲ್ಲಿ ಅಂತ ಕೇಳಿದ್ದಾರೆ. ನಾನೂ ಒಮ್ಮೆ ಇದನ್ನು ಗುರುತಿಸದೆ, ಕಂಪನಿಯೊಂದರ ಮೀಟಿಂಗಿನಲ್ಲಿ ಮುಕ್ಕಾಲು ಗಂಟೆ ಭಾಷೆಯ ಗುಣಗಾನ ಮಾಡಿದೆ. ಖರ್ಚಿನ ಮಾತು, ಕಲಿಸುವ ಮಾತು ಒಂದೂ ಆಡಲಿಲ್ಲ. ಪ್ರಸ್ತಾವ ಅಲ್ಲೇ ಬಿತ್ತು. ಅದರ ನೋವು ಇನ್ನೂ ಇದೆ.

ಎರ್ಲಾಂಗ್ ಹುಟ್ಟಿದ ಮನೆಯಲ್ಲೇ ಈ ಜಗಳ ನಡೆದಿತ್ತು. 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್‌ನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ ಇದನ್ನು ಕಟ್ಟಿದರು. 1998ರಲ್ಲಿ ಅದೇ ಕಂಪನಿಯ ರೇಡಿಯೋ ವಿಭಾಗ ಹೊಸ ಉತ್ಪನ್ನಗಳಿಗೆ ಇದು ಬೇಡವೆಂದಿತು. ಎಲ್ಲೆಡೆ ಬಳಕೆಯಲ್ಲಿರುವ ಭಾಷೆ ಅವರಿಗೆ ಬೇಕಿತ್ತು. ಅದೇ ವರ್ಷ ಎರ್ಲಾಂಗ್ ಓಪನ್ ಸೋರ್ಸ್ ಆಯಿತು, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದಂತೆ ಬಿಡುಗಡೆಯಾಯಿತು. ಮುಂದೆ ವಾಟ್ಸಾಪ್ ಅದರ ಮೇಲೆ ನಿಂತಿತು. 2012ರಲ್ಲಿ ಒಂದೇ ಸರ್ವರ್ ಏಕಕಾಲಕ್ಕೆ 20 ಲಕ್ಷಕ್ಕೂ ಹೆಚ್ಚು ಸಂಪರ್ಕ ಹಿಡಿದಿತ್ತು. 2014ರಲ್ಲಿ ಫೇಸ್‌ಬುಕ್ ಕೊಳ್ಳುವಾಗ ಸುಮಾರು 45 ಕೋಟಿ ಬಳಕೆದಾರರಿಗೆ ಇದ್ದ ಎಂಜಿನಿಯರ್‌ಗಳು 32 ಮಂದಿ. ಜನ ಎಲ್ಲಿ ಎನ್ನುವವರಿಗೆ ಈ 32ನ್ನು ಹೇಳಿ.

ಆದರೆ ಅದಕ್ಕೂ ಮುಂಚೆ ಸರ್ವರ್ ಯಾಕೆ ಕೂರುತ್ತದೆ ಎಂದು ನೀವೇ ಅಳೆದು ನೋಡಿ. ಡೇಟಾಬೇಸ್ ಕ್ವೆರಿ, ಅಂದರೆ ಮಾಹಿತಿ ಹುಡುಕಿ ತೆಗೆಯುವ ಕೆಲಸ, ನಿಧಾನವಾಗಿದ್ದರೆ ಯಾವ ಭಾಷೆ ತಂದರೂ ಅದೇ ಗತಿ. ಸಂಪರ್ಕಗಳ ಭಾರಕ್ಕೇ ಕುಸಿಯುತ್ತಿದ್ದರೆ ಮಾತ್ರ ನಿಮ್ಮ ವಾದಕ್ಕೆ ಬಲ. ಎರ್ಲಾಂಗ್‌ನಲ್ಲಿ ಒಬ್ಬೊಬ್ಬ ವರ್ತಕನಿಗೂ ಒಂದೊಂದು ಪುಟ್ಟ ಪ್ರೋಸೆಸ್, ಅಂದರೆ ತನ್ನಷ್ಟಕ್ಕೆ ಓಡುವ ಪ್ರತ್ಯೇಕ ಕೆಲಸ, ಕೊಡಬಹುದು, ಲಕ್ಷಗಟ್ಟಲೆ ಆದರೂ ನಡೆಯುತ್ತದೆ. ಒಂದು ಕೆಟ್ಟರೆ ಅದನ್ನು ಕಾಯುವ ಸೂಪರ್‌ವೈಸರ್ ಎಂಬ ಇನ್ನೊಂದು ಪ್ರೋಸೆಸ್ ಮತ್ತೆ ಎಬ್ಬಿಸುತ್ತದೆ. ಯಾರ್ಡಿನಲ್ಲಿ ಒಂದು ಅಂಗಡಿಯ ತಕ್ಕಡಿ ಕೆಟ್ಟರೆ ಪಕ್ಕದಂಗಡಿಯ ತೂಕ ನಿಲ್ಲುತ್ತದೆಯೇ, ಹಾಗೆ. ಯಜಮಾನರಿಗೆ ಈ ಮಾತಿನಲ್ಲೇ ಹೇಳಿ. ಭಾರೀ ಲೆಕ್ಕಾಚಾರಕ್ಕೆ ಇದು ಹೇಳಿ ಮಾಡಿಸಿದ್ದಲ್ಲ ಎಂಬುದನ್ನೂ ಮುಚ್ಚಿಡಬೇಡಿ.

ಬಿಲ್ಲು, ವರದಿ, ಲೆಕ್ಕಪತ್ರ ಜಾವಾದಲ್ಲೇ ಇರಲಿ. ಧಾರಣೆ ಕಳಿಸುವ ತುಂಡೊಂದನ್ನೇ ಕೇಳಿ, ಬೇಡವೆನಿಸಿದರೆ ಹಳೆಯದಕ್ಕೆ ಮರಳುವ ದಾರಿ ತೆರೆದಿಟ್ಟು. ಇಬ್ಬರು ಸಹೋದ್ಯೋಗಿಗಳನ್ನು ಮೊದಲೇ ಜೊತೆಗೆ ಕೂರಿಸಿಕೊಳ್ಳಿ. ಎರ್ಲಾಂಗ್‌ನ ಬರವಣಿಗೆ ಕಷ್ಟವೆನಿಸಿದರೆ, ಎರ್ಲಾಂಗ್ ಓಡಿಸುವ ತಂತ್ರಾಂಶದ ಮೇಲೆಯೇ ಓಡುವ ಎಲಿಕ್ಸಿರ್ ಎಂಬ ಭಾಷೆ ಕಲಿಯಲಿ. "ನಾನು ಹೋದರೆ ಇವರಿಬ್ಬರು ಇದ್ದಾರೆ ಸರ್" ಎಂದು ಆ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಬೇಕು.

ಸುಗ್ಗಿಯ ಗದ್ದಲದಲ್ಲಿ ಈ ಮಾತು ಎತ್ತಬೇಡಿ. ಆಷಾಢದಲ್ಲಿ, ಜೋಳ ಇನ್ನೂ ಹೊಲದಲ್ಲಿರುವಾಗ, ಅವರ ಕೈಗೆ ಒಂದು ಮೊಬೈಲ್ ಕೊಡಿ, ನೀವೊಂದು ಹಿಡಿಯಿರಿ. ನಿಮ್ಮ ಮೊಬೈಲಿಗೆ ಧಾರಣೆ ಕಳಿಸುವ ಪ್ರೋಸೆಸ್ಸನ್ನು ಅವರ ಕಣ್ಣೆದುರೇ ಕೊಲ್ಲಿ. ಅವರ ಕೈಯಲ್ಲಿನ ಧಾರಣೆ ಓಡುತ್ತಲೇ ಇರುವುದನ್ನು ಅವರೇ ನೋಡಲಿ.